ಹೊಳೆಗೆ ಬೇಡ, ಠಾಣೆಗೆ ಕೊಡಿ

ಅಂಗಡಿಗೆ ಬೆಂಕಿ ಬಿದ್ದರೆ ೧೦೧ಕ್ಕೆ ಫೋನು ಮಾಡಬೇಕೆಂಬುದು ನಮ್ಮ ಪೇಟೆಯ ಪ್ರತಿಯೊಬ್ಬ ವರ್ತಕನಿಗೂ ಗೊತ್ತು. ಅಕ್ಕಿ ಗಿರಣಿಯ ಹೊಟ್ಟಿನ ರಾಶಿಗೆ ಕಿಡಿ ತಗುಲಿದರೆ ಯಾರನ್ನು ಕರೆಯಬೇಕೆಂಬುದು ಗಿರಣಿಯ ಕೂಲಿಯವನಿಗೂ ಗೊತ್ತು. ಆದರೆ ನಟ್ಟಿರುಳಿನಲ್ಲಿ ಒಬ್ಬ ಹೆಣ್ಣುಮಗಳು ಕೊಟ್ಟಿಗೆಯ ಮೂಲೆಯಲ್ಲಿ ಒಬ್ಬಳೇ ಹೆತ್ತು, ಕೂಸನ್ನು ಎದೆಗೊತ್ತಿಕೊಂಡು, 'ಇನ್ನು ಎಲ್ಲಿಗೆ?' ಎಂದು ತನ್ನನ್ನು ತಾನೇ ಕೇಳಿಕೊಂಡರೆ ಆ ಪ್ರಶ್ನೆಗೆ ಉತ್ತರ ನಮ್ಮಲ್ಲಿ ಯಾರಿಗೆ ಗೊತ್ತು?

ನಮಗೆ ಗೊತ್ತಿಲ್ಲದಿರುವುದರಿಂದಲೇ ಹೊಳೆ, ಬಾವಿ, ಬಸ್ ನಿಲ್ದಾಣದ ಹಿಂಭಾಗ, ಕಸದ ತೊಟ್ಟಿ ಇವು ಉತ್ತರ ಕೊಡುತ್ತಿವೆ.

ನಾನು ಹೇಳಹೊರಟಿರುವ ಮಾತು ಸರಳವಾದದ್ದು. ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣೆಯಲ್ಲಿ ಒಂದು ತೊಟ್ಟಿಲು ಇಡಬೇಕು. ಸಾಕಲಾರದ ತಾಯಿ ತನ್ನ ಹಸುಗೂಸನ್ನು ತಂದು ಅಲ್ಲಿ ಒಪ್ಪಿಸಿ ಹೋಗುವಂತಿರಬೇಕು. ಹೆಸರು ಕೇಳಕೂಡದು, ಜಾತಿ ಕೇಳಕೂಡದು, ಊರು ಕೇಳಕೂಡದು. ಕೂಸು ಜೀವಸಹಿತ ಉಳಿಯಬೇಕು, ತಾಯಿ ಮಾನಸಹಿತ ಉಳಿಯಬೇಕು. ಇದನ್ನು ಕೇಳಿದೊಡನೆ ಕೆಲವರು ಹುಬ್ಬೇರಿಸುತ್ತಾರೆ, ಕೆಲವರು ನಗುತ್ತಾರೆ. 'ಬೆಂಕಿ ಆರಿಸುವವರಿಗೂ ಬಾಣಂತಿಗೂ ಏನಪ್ಪಾ ಸಂಬಂಧ?' ಎನ್ನುತ್ತಾರೆ. ಸಂಬಂಧವನ್ನು ಹೇಳುವ ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಶಾಲೆಯ ಹಿಂದಿನ ಹಳ್ಳ

ಆಗ ನಾನು ಇದೇ ಸೀಮೆಯ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಆಷಾಢದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ, ನಾಲ್ಕು ಹುಡುಗರು ಓಡಿಬಂದು, 'ಸಾರ್, ಹಳ್ಳದ ಹತ್ತಿರ ಒಂದು ಬೊಂಬೆ ಬಿದ್ದಿದೆ' ಎಂದರು. ಹೋಗಿ ನೋಡಿದರೆ ಬೊಂಬೆಯಲ್ಲ. ಅಡಿಕೆ ಹಾಳೆಯಲ್ಲಿ ಮಲಗಿಸಿ, ಹಳೆಯ ಟವಲು ಹೊದಿಸಿ, ಮಳೆ ಬೀಳದ ಹಾಗೆ ಮೇಲೆ ಕೆಸುವಿನ ಎಲೆ ಮುಚ್ಚಿದ್ದರು. ಕೂಸಿಗೆ ಜೀವವಿರಲಿಲ್ಲ.

ಕೊಲ್ಲಬೇಕೆಂದು ಬಿಟ್ಟುಹೋದವರು ಕೆಸುವಿನ ಎಲೆ ಮುಚ್ಚುವುದಿಲ್ಲ. ಬೆಳಿಗ್ಗೆ ಮಕ್ಕಳು ಬರುವ ಜಾಗ, ಯಾರಾದರೂ ನೋಡಿ ಎತ್ತಿಕೊಳ್ಳುತ್ತಾರೆ ಎಂಬ ಆಸೆಯಿಂದಲೇ ಶಾಲೆಯ ಹತ್ತಿರ ತಂದು ಮಲಗಿಸಿದ್ದರು. ಮಲೆನಾಡಿನ ಮಳೆ ಬೆಳಗಿನವರೆಗೆ ಕಾಯಲಿಲ್ಲ.

ಪೊಲೀಸರು ಬಂದರು, ಮಹಜರು ಬರೆದರು, ಹೋದರು. ಅನಂತರ ಊರಿನವರ ಪೊಲೀಸುಗಿರಿ ಶುರುವಾಯಿತು. ನೀರಿಗೆ ಬಂದ ಹೆಣ್ಣುಮಕ್ಕಳ ಹೊಟ್ಟೆಯನ್ನು ಕಣ್ಣಿನಲ್ಲೇ ಅಳೆಯತೊಡಗಿದರು. ಯಾರ ಮನೆಯ ಹುಡುಗಿ ಎಂಟು ದಿನದಿಂದ ಹೊರಗೆ ಕಾಣಿಸಿಲ್ಲ, ಯಾರ ಮನೆಯಲ್ಲಿ ಕಷಾಯದ ವಾಸನೆ ಬಂತು, ಎಲ್ಲ ಲೆಕ್ಕವಾಯಿತು. ನಾಲ್ಕನೆಯ ದಿನ ಊರಿನ ಬಾಯಿ ಒಂದು ಮನೆಯ ಮುಂದೆ ಬಂದು ನಿಂತಿತು. ಆ ಮನೆಯ ಹುಡುಗಿ ಶಾಲೆಯಲ್ಲಿ ನನ್ನ ಹತ್ತಿರ ಓದಿದವಳು. ಏಳನೆಯ ತರಗತಿ ಮುಗಿಸಿ, ಮುಂದೆ ಓದಿಸಲು ಮನೆಯವರಿಗೆ ಕೈಲಾಗದೆ, ಸಾಹುಕಾರರ ಚಪ್ಪರದಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳು.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ನನ್ನನ್ನು ಕರೆದು, 'ಮೇಷ್ಟ್ರೇ, ನಿಮ್ಮ ಹತ್ತಿರ ಓದಿದವಳಲ್ಲವೇ, ನಡತೆ ಹೇಗಿತ್ತು?' ಎಂದು ಕೇಳಿದರು. ಅವಳು ಲೆಕ್ಕದಲ್ಲಿ ತರಗತಿಗೇ ಮೊದಲನೆಯವಳು, ಯಾರ ತಂಟೆಗೂ ಹೋದವಳಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿದ್ದು, 'ಬಹಳ ವರ್ಷವಾಯಿತು, ನೆನಪಿಲ್ಲ' ಎಂದು. ಊರಿನ ದೊಡ್ಡವರ ಮುಖ ಕೆಡಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ದೀಪಾವಳಿಗೆ ಮೊದಲೇ ಆ ಮನೆಯವರು ಊರು ಬಿಟ್ಟರು. ಅವಳೇ ಹೆತ್ತವಳೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಅಷ್ಟೂ ದಿನದ ವಿಚಾರಣೆಯಲ್ಲಿ ಕಟ್ಟೆಯ ಮೇಲೆ ಯಾರೂ ಕೇಳದೆ ಉಳಿದ ಪ್ರಶ್ನೆ ಒಂದೇ ಒಂದು: ಆ ಕೂಸಿನ ತಂದೆ ಯಾರು?

ಆ ರಾತ್ರಿ ಹನ್ನೆರಡು ಕಿಲೋಮೀಟರ್ ದೂರದ ಪೇಟೆಯಲ್ಲಿ ಅಗ್ನಿಶಾಮಕ ಠಾಣೆಯ ದೀಪ ಉರಿಯುತ್ತಿತ್ತು. ಒಳಗೆ ಸಮವಸ್ತ್ರ ತೊಟ್ಟ ಜವಾನರು ಎಚ್ಚರವಾಗಿದ್ದರು. ಒಲೆಯ ಮೇಲೆ ಚಹಾ ಇದ್ದಿರಬಹುದು. ಕೂಸಿಗೆ ಅಷ್ಟು ಬೆಚ್ಚಗಿನ ಒಂದು ಮೂಲೆ ಸಾಕಾಗಿತ್ತು.

ಕೊಡಲಿ ತೊಳೆದ ಊರು

ನಮ್ಮ ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಗೆ ಸಾವಿರಾರು ಜನ ಬಂದು ತುಂಗೆಯಲ್ಲಿ ಮುಳುಗುತ್ತಾರೆ. ಏಕೆ ಮುಳುಗುತ್ತಾರೆಂದರೆ, ಪರಶುರಾಮನ ಕೊಡಲಿಗೆ ಅಂಟಿದ್ದ ತಾಯಿಯ ನೆತ್ತರು ಎಲ್ಲಿ ತೊಳೆದರೂ ಹೋಗದೆ ಎಳ್ಳಿನಷ್ಟು ಕಲೆ ಉಳಿದಿತ್ತಂತೆ. ಅದು ಇಲ್ಲಿಯ ನೀರಿನಲ್ಲಿ ಹೋಯಿತಂತೆ. ಆ ತಾಯಿ ರೇಣುಕೆ ಮಾಡಿದ ಅಪರಾಧವೇನು? ಅವಳ ಮನಸ್ಸು ಒಂದು ಗಳಿಗೆ ಚಂಚಲವಾಯಿತೆಂಬ ಸಂಶಯ. ಅಷ್ಟಕ್ಕೆ ಗಂಡ ತಲೆ ಕಡಿಯೆಂದ, ಮಗ ಕಡಿದ. ಕಡಿದವನ ಕೊಡಲಿ ತೊಳೆಯುವುದಕ್ಕೆ ನಮ್ಮಲ್ಲಿ ತೀರ್ಥವಿದೆ. ಸಂಶಯಕ್ಕೆ ಸಿಕ್ಕಿದ ಹೆಣ್ಣಿಗೆ ನಿಲ್ಲಲು ಒಂದು ನೆರಳಿಲ್ಲ. ಪುರಾಣವನ್ನು ಹೀಗಳೆಯಲು ನಾನು ಈ ಮಾತು ಹೇಳುತ್ತಿಲ್ಲ. ಕಲೆ ಹೋಗಿದೆಯೋ ಇಲ್ಲವೋ ಎಂದು ನಾವು ಇನ್ನೊಮ್ಮೆ ನೋಡಿಕೊಳ್ಳಬೇಕೆಂದು ಹೇಳುತ್ತಿದ್ದೇನೆ.

ಕುಂತಿಯ ಕಥೆ ಎಲ್ಲರಿಗೂ ಗೊತ್ತು. ಅವಳು ಅರಮನೆಯವಳು, ಕೂಸನ್ನು ಪೆಟ್ಟಿಗೆಯಲ್ಲಿಟ್ಟು ತೇಲಿಬಿಡಲು ಅನುಕೂಲವಿತ್ತು. ಹೊಳೆಯಲ್ಲಿ ಬಂದ ಕರ್ಣನನ್ನು ಎತ್ತಿಕೊಂಡವನು ಸೂತ, ಎಂದರೆ ರಥ ಹೊಡೆಯುವವನು, ಇಂದಿನ ಮಾತಿನಲ್ಲಿ ಒಬ್ಬ ಡ್ರೈವರು. ಎತ್ತಿಕೊಂಡವನು ಕೂಸಿನ ಕುಲ ಕೇಳಲಿಲ್ಲ, ಅವನ ಹೆಂಡತಿ ರಾಧೆಯೂ ಕೇಳಲಿಲ್ಲ. ಕುಲ ಕೇಳಿದವರು ಸಭೆಯಲ್ಲಿ ಕೂತ ದೊಡ್ಡವರು. ದುಡಿಯುವವರ ಮನೆಯಲ್ಲಿ ಕೂಸಿಗೆ ಜಾಗವಿತ್ತು, ಸಭೆಯಲ್ಲಿ ಇರಲಿಲ್ಲ ಎಂಬುದನ್ನು ಗಿರಣಿಯ ಗೆಳೆಯರು ನೆನಪಿನಲ್ಲಿಡಬೇಕು.

ಪುರಾಣ ಹಳೆಯದಾಯಿತು ಎನ್ನುವವರಿಗೆ ಹೊಸ ಉದಾಹರಣೆ ಇದೇ ತಾಲ್ಲೂಕಿನಲ್ಲಿದೆ. ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರು 'ಘಟಶ್ರಾದ್ಧ' ಎಂಬ ಕಥೆ ಬರೆದರು. ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಬಸುರಾದ ಎಳೆಯ ವಿಧವೆಯೊಬ್ಬಳು ಗುಟ್ಟಾಗಿ ಬಸುರು ಕಳೆದುಕೊಳ್ಳಲು ಹೋಗಿ ಸಿಕ್ಕಿಬೀಳುತ್ತಾಳೆ. ಬದುಕಿರುವ ಮಗಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ಅವಳನ್ನು ಆ ಗತಿಗೆ ತಂದು ತಪ್ಪಿಸಿಕೊಂಡವನು, ಹೇಳಲು ನಾಚಿಕೆಯಾಗುತ್ತದೆ, ಒಬ್ಬ ಮೇಷ್ಟರು. ಸಿನಿಮಾಕ್ಕೆ ಬಂದ ಪದಕವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಿನಿಮಾ ಹೇಳಿದ ಮಾತನ್ನು ಕೇಳಿಸಿಕೊಂಡಿದ್ದೇವೆಯೇ?

ಕೇಳಿಸಿಕೊಂಡವರು ಬಹಳ ಹಿಂದೆಯೇ ಇದ್ದರು. ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳು ೧೮೬೩ರಲ್ಲಿ ಶಿಶುಹತ್ಯೆ ತಡೆಯುವ ಮನೆಯೊಂದನ್ನು ತೆರೆದರು. ಬಸುರಾದ ವಿಧವೆಯರು ಅಲ್ಲಿಗೆ ಗುಟ್ಟಾಗಿ ಬಂದು ಹೆರಬಹುದಿತ್ತು, ಕೂಸನ್ನು ಅಲ್ಲಿಯೇ ಬಿಟ್ಟು ಹೋಗಲೂಬಹುದಿತ್ತು. ಅಂಥ ಒಬ್ಬ ವಿಧವೆಯ ಮಗುವನ್ನೇ ಅವರು ೧೮೭೪ರಲ್ಲಿ ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ಆ ಹುಡುಗ ಬೆಳೆದು ಡಾಕ್ಟರಾದ. ಪ್ಲೇಗು ಬಂದಾಗ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು; ೧೮೯೭ರಲ್ಲಿ ಸಾವಿತ್ರಿಬಾಯಿ ಆ ಸೇವೆಯಲ್ಲೇ ಪ್ಲೇಗು ತಗುಲಿ ತೀರಿಕೊಂಡರು. ಹೊಳೆಯ ಪಾಲಾಗಬಹುದಾಗಿದ್ದ ಒಂದು ಕೂಸು ಎಷ್ಟು ಜನರಿಗೆ ಮದ್ದು ಕೊಟ್ಟಿತೆಂಬ ಲೆಕ್ಕವನ್ನು ನೀತಿಯ ಗುತ್ತಿಗೆದಾರರು ಒಮ್ಮೆ ಹಾಕಬೇಕು. ತೊಟ್ಟಿಲಿನ ವಿಚಾರ ಪರದೇಶದಿಂದ ಬಂದ ಹುಚ್ಚು ಎನ್ನುವವರಿಗೆ ಇದೇ ಉತ್ತರ.

ಕಾನೂನಿನಲ್ಲಿ ಬಾಗಿಲಿದೆ, ದಾರಿ ಇಲ್ಲ

ಓದುಗರಿಗೆ ಆಶ್ಚರ್ಯವಾಗಬಹುದು, ಕೂಸನ್ನು ಒಪ್ಪಿಸುವುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಅವಕಾಶ ಇದ್ದೇ ಇದೆ. ೨೦೧೫ರ ಬಾಲನ್ಯಾಯ ಕಾಯ್ದೆಯ ೩೫ನೆಯ ಕಲಮಿನಂತೆ, ತನ್ನ ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲಾರದ ತಾಯಿತಂದೆಗಳು ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಂದು ಒಪ್ಪಿಸಬಹುದು. ಒಪ್ಪಿಸಿದ ಮೇಲೆ ಮನಸ್ಸು ಬದಲಾದರೆ ವಾಪಸು ಕೇಳಲು ಎರಡು ತಿಂಗಳ ಕಾಲಾವಕಾಶವಿದೆ. ಆಮೇಲೆ ಕೂಸು ಕಾನೂನುಬದ್ಧವಾಗಿ ದತ್ತು ಹೋಗುತ್ತದೆ. ಇಂಥ ಮಕ್ಕಳ ಹೆಸರು, ಗುರುತು ಪತ್ರಿಕೆಗಳಲ್ಲಿ ಬಯಲು ಮಾಡುವುದು ೭೪ನೆಯ ಕಲಮಿನಂತೆ ಅಪರಾಧ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಹನ್ನೆರಡು ವರ್ಷಕ್ಕೆ ಕೆಳಗಿನ ಮಗುವನ್ನು ತಾಯಿತಂದೆ ಎಲ್ಲೋ ಬಿಟ್ಟು ತೊರೆದರೆ ಏಳು ವರ್ಷದವರೆಗೆ ಶಿಕ್ಷೆ ಎಂದು ಹಳೆಯ ದಂಡಸಂಹಿತೆಯಲ್ಲಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೯೩ನೆಯ ಕಲಮಿನಲ್ಲಿ ಅದೇ ಉಳಿದಿದೆ. ಜನರಿಗೆ ಗೊತ್ತಿರುವುದು ಇದೊಂದೇ. ಆದರೆ ಬಾಲನ್ಯಾಯ ಕಾಯ್ದೆಯ ೩೮ನೆಯ ಕಲಮು, ತೊರೆದ ಅಥವಾ ಒಪ್ಪಿಸಿದ ಮಗುವಿನ ವಿಚಾರಣೆಯಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ದಾಖಲಿಸಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ೭೫ನೆಯ ಕಲಮು, ಕೈಮೀರಿದ ಪರಿಸ್ಥಿತಿಯಲ್ಲಿ ಬಿಟ್ಟದ್ದನ್ನು ಬೇಕೆಂದು ಬಿಟ್ಟದ್ದೆಂದು ಎಣಿಸಕೂಡದು ಎನ್ನುತ್ತದೆ. ಹೆದರಿಸುವ ಕಲಮು ಹಳ್ಳಿಹಳ್ಳಿಗೆ ಮುಟ್ಟಿದೆ. ಕೈಹಿಡಿಯುವ ಕಲಮು ಪುಸ್ತಕದಲ್ಲೇ ಕುಳಿತಿದೆ.

ಹಾಗಾದರೆ ಮಕ್ಕಳ ಕಲ್ಯಾಣ ಸಮಿತಿ ಎಲ್ಲಿದೆ? ಜಿಲ್ಲಾ ಕೇಂದ್ರದಲ್ಲಿ, ಶಿವಮೊಗ್ಗದಲ್ಲಿ. ತೀರ್ಥಹಳ್ಳಿಯಿಂದ ಸುಮಾರು ೬೦ ಕಿಲೋಮೀಟರ್. ಆಗುಂಬೆಯ ಕಡೆಯವರಿಗೆ ೯೦ರ ಹತ್ತಿರ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆಯವರಿಗೆ ೨೦೨೫ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಲಾಂಚು ನಿಂತ ಮೇಲೆ ರಾತ್ರಿ ಈಚೆಗೆ ಬರುವುದೇ ಕಷ್ಟವಾಗಿತ್ತು. ನಿನ್ನೆ ರಾತ್ರಿ ಹೆತ್ತ, ಇನ್ನೂ ರಕ್ತ ನಿಲ್ಲದ ಹೆಣ್ಣು, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗುರುತಿನವರೇ ತುಂಬಿದ ಬಸ್ಸು ಹತ್ತಿ, ಜಿಲ್ಲಾ ಕಚೇರಿಗಳ ನಡುವೆ ಸಮಿತಿಯ ಕೊಠಡಿಯನ್ನು ವಿಚಾರಿಸಿಕೊಂಡು ಹೋಗಬೇಕೆಂದು ಕಾನೂನು ಮಾಡಿದವರು ಎಣಿಸಿದ್ದಾರೆಯೇ? ಅಲ್ಲಿ ಹೋದರೂ ವಿಚಾರಣೆ, ತಿಳಿವಳಿಕೆ ಮಾತು, ಪತ್ರಕ್ಕೆ ಸಹಿ. ಇವೆಲ್ಲ ಬೇಕಾದವೇ, ತಾಯಿಯನ್ನು ಯಾರೂ ಬಲವಂತ ಮಾಡಿಲ್ಲವೆಂದು ತಿಳಿಯಲು ಬೇರೆ ದಾರಿಯಿಲ್ಲ. ಆದರೆ ಅದು ಹಗಲಿನ ಕ್ರಮ. ನಟ್ಟಿರುಳಿನ ಕಷ್ಟಕ್ಕೆ ಹಗಲಿನ ಕ್ರಮ ಒದಗುವುದಿಲ್ಲ.

ಹೊರಗಿನವರು ಮಾಡಿದ್ದು

ನೆರೆಯ ತಮಿಳುನಾಡಿನಲ್ಲಿ ೧೯೯೨ರಲ್ಲಿ ಸೇಲಂ ಜಿಲ್ಲೆಯಲ್ಲಿ ಸರ್ಕಾರವೇ ತೊಟ್ಟಿಲು ಇಟ್ಟಿತು. ಹೆಣ್ಣು ಹಸುಗೂಸುಗಳನ್ನು ಕೊಲ್ಲುವ ಪಿಡುಗು ಅಲ್ಲಿತ್ತು. 'ಕೊಲ್ಲಬೇಡಿ, ನಮಗೆ ಕೊಡಿ' ಎಂದು ಸರ್ಕಾರ ಹೇಳಿತು. ೨೦೦೧ರಲ್ಲಿ ಮಧುರೈ, ತೇಣಿ, ದಿಂಡಿಗಲ್, ಧರ್ಮಪುರಿಗಳಿಗೂ ಅದನ್ನು ವಿಸ್ತರಿಸಿದರು. ಕೇರಳದಲ್ಲಿ ೨೦೦೨ರಲ್ಲಿ ತಿರುವನಂತಪುರದಲ್ಲಿ 'ಅಮ್ಮತೊಟ್ಟಿಲ್' ಶುರುವಾಯಿತು. ಕೂಸನ್ನು ಮಲಗಿಸಿದ ಸ್ವಲ್ಪ ಹೊತ್ತಿಗೆ ಒಳಗಿನವರಿಗೆ ಗಂಟೆ ಕೇಳುತ್ತದೆ, ಅಷ್ಟರಲ್ಲಿ ತಾಯಿ ದೂರ ಹೋಗಿರುತ್ತಾಳೆ. ನಮ್ಮ ರಾಜ್ಯದಲ್ಲೂ ಕೆಲವು ಕಡೆ 'ಮಮತೆಯ ತೊಟ್ಟಿಲು' ಎಂಬ ಹೆಸರಿನಲ್ಲಿ ಆಸ್ಪತ್ರೆಗಳಲ್ಲಿ ತೊಟ್ಟಿಲು ಇಟ್ಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಅದು ಹಳ್ಳಿಯ ಹೆಣ್ಣಿನ ಕಿವಿಗೆ ಮುಟ್ಟಿಲ್ಲ.

ಅಮೆರಿಕದಲ್ಲಿ ೧೯೯೯ರಲ್ಲಿ ಟೆಕ್ಸಾಸ್ ರಾಜ್ಯ ಮೊದಲ ಕಾನೂನು ಮಾಡಿತು. ೨೦೦೮ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ ಆಯಿತು. ಅಲ್ಲಿ ಬಹಳ ಕಡೆ ಕೂಸನ್ನು ಒಪ್ಪಿಸುವ ಜಾಗವೆಂದರೆ ಆಸ್ಪತ್ರೆ ಮತ್ತು ಅಗ್ನಿಶಾಮಕ ಠಾಣೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ೭೨ ಗಂಟೆಯೊಳಗೆ ತಂದುಕೊಟ್ಟರೆ ಮೊಕದ್ದಮೆಯಿಲ್ಲ. ಕೂಸಿನ ಕಾಲಿಗೆ ಒಂದು ಗುರುತಿನ ಪಟ್ಟಿ ಕಟ್ಟಿ, ಅದರ ಜೊತೆಯದನ್ನು ತಾಯಿಯ ಕೈಗೆ ಕೊಡುತ್ತಾರೆ. ೧೪ ದಿನದೊಳಗೆ ಮನಸ್ಸು ತಿರುಗಿದರೆ ಆ ಪಟ್ಟಿ ತೋರಿಸಿ ವಾಪಸು ಕೇಳಬಹುದು. ಹೆಸರಿಲ್ಲದೆಯೂ ತಾಯಿಯ ಹಕ್ಕು ಉಳಿಯುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಅದೇ ದೇಶದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ೨೦೦೮ರಲ್ಲಿ ನೆಬ್ರಾಸ್ಕ ರಾಜ್ಯದವರು ಮಗುವಿನ ವಯಸ್ಸು ಇಷ್ಟೇ ಇರಬೇಕೆಂದು ಹೇಳದೆ ಕಾನೂನು ಮಾಡಿದರು. ಕೆಲವೇ ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ಬಂದರು, ಹಸುಗೂಸು ಒಂದೂ ಇರಲಿಲ್ಲ. ಬಂದವರಲ್ಲಿ ಬಹುಪಾಲು ಹತ್ತು ದಾಟಿದವರು. ಒಬ್ಬ ತಂದೆ ಒಂದೇ ದಿನ ಒಂಬತ್ತು ಮಕ್ಕಳನ್ನು ತಂದು ಬಿಟ್ಟ. ಸರ್ಕಾರ ಹೆದರಿ, ೩೦ ದಿನದ ಕೂಸಿಗೆ ಮಾತ್ರ ಎಂದು ನವೆಂಬರಿನಲ್ಲಿ ತಿದ್ದಿಕೊಂಡಿತು. ಬಾಗಿಲು ಮುಚ್ಚಿದ್ದರಿಂದ ಆ ಒಂಬತ್ತು ಮಕ್ಕಳ ತಂದೆಯಂಥವರ ಕಷ್ಟ ಹೋಯಿತೇ? ಅಷ್ಟು ಸಿರಿವಂತ ದೇಶದಲ್ಲೂ ಮಕ್ಕಳನ್ನು ಸಾಕಲಾರದ ಸಂಸಾರಗಳು ಎಷ್ಟಿವೆಯೆಂಬುದನ್ನು ಆ ತೆರೆದ ಬಾಗಿಲು ತೋರಿಸಿಕೊಟ್ಟಿತು, ಅಷ್ಟೆ. ತೊಟ್ಟಿಲು ಇಟ್ಟ ಸರ್ಕಾರ ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಅಗ್ನಿಶಾಮಕ ಠಾಣೆಯೇ ಏಕೆ?

ಪೊಲೀಸ್ ಠಾಣೆಯಲ್ಲಿ ಇಡಬಹುದಲ್ಲ? ಇಡಬಹುದು, ಯಾರೂ ಬರುವುದಿಲ್ಲ. ಸೈಕಲ್ಲು ಕಳೆದುಹೋದರೂ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಬಡವರು ಕೂಸನ್ನೆತ್ತಿಕೊಂಡು ಹತ್ತುತ್ತಾರೆಯೇ? ತಾಲ್ಲೂಕು ಆಸ್ಪತ್ರೆಯಲ್ಲಿ ಇಡಬೇಕು, ಸಂಶಯವಿಲ್ಲ. ಆದರೆ ಅಲ್ಲಿ ಚೀಟಿಗೆ ಹೆಸರು, ತಾಯಿ ಕಾರ್ಡು, ಆಧಾರ್ ಕಾರ್ಡು. ಬೆಂಚಿನ ಮೇಲೆ ಕೂತವರಲ್ಲಿ ಇಬ್ಬರಾದರೂ ತನ್ನ ಊರಿನವರು. ಆಸ್ಪತ್ರೆಗೆ ಹೆದರಿಯೇ ಅಲ್ಲವೇ ಅವಳು ಕೊಟ್ಟಿಗೆಯಲ್ಲಿ ಹೆತ್ತದ್ದು?

ಅಗ್ನಿಶಾಮಕ ಠಾಣೆ ಹಗಲು ರಾತ್ರಿ ಎನ್ನದೆ, ಭಾನುವಾರ ಹಬ್ಬವೆನ್ನದೆ ತೆರೆದಿರುತ್ತದೆ. ಅಲ್ಲಿಯ ನೌಕರರು ವರ್ಗವಾಗಿ ಬಂದವರೇ ಹೆಚ್ಚು, ಊರಿನ ನಂಟು ಕಡಿಮೆ. ಲಾಠಿ ಹಿಡಿದವರಲ್ಲ, ಮೊಕದ್ದಮೆ ಹಾಕುವವರಲ್ಲ. ಪ್ರಥಮ ಚಿಕಿತ್ಸೆ ಬಲ್ಲವರು. ನಮ್ಮ ಮಲೆನಾಡಿನಲ್ಲಿ ಬೇಸಗೆಯಲ್ಲಿ ಕಾಡಿನ ಬೆಂಕಿಗೆ ಓಡುವವರೂ ಅವರೇ, ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಕಡಿಯುವವರೂ ಅವರೇ, ಹೊಳೆ ಬಾವಿಗಳಿಂದ ಹೆಣ ಎತ್ತುವವರೂ ಅವರೇ. ಬಾವಿಯಿಂದ ಕೂಸಿನ ಹೆಣವನ್ನು ಎತ್ತಲು ಕರೆಯುವವನನ್ನೇ, ಜೀವವಿರುವ ಕೂಸನ್ನು ಬಾಗಿಲಲ್ಲಿ ತೆಗೆದುಕೊಳ್ಳಲು ಕೇಳಿದರೆ ಅವನು ಬೇಡವೆನ್ನುತ್ತಾನೆಯೇ? ಇದೇ ನಾನು ಮೊದಲು ಹೇಳಿದ ಸಂಬಂಧ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಒಬ್ಬಂಟಿ ಮಗು ಸಿಕ್ಕರೆ ಸಿಕ್ಕವರು ೨೪ ಗಂಟೆಯೊಳಗೆ ಮಕ್ಕಳ ಸಹಾಯವಾಣಿ ೧೦೯೮ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕೆಂದು ಬಾಲನ್ಯಾಯ ಕಾಯ್ದೆಯ ೩೨ನೆಯ ಕಲಮು ಈಗಲೇ ಹೇಳುತ್ತದೆ. ಠಾಣೆಯವರು ಕೂಸನ್ನು ಬೆಚ್ಚಗೆ ಹೊದಿಸಿ, ೧೦೮ ವಾಹನದಲ್ಲಿ ಆಸ್ಪತ್ರೆಗೆ ಕಳಿಸಿ, ೧೦೯೮ಕ್ಕೆ ತಿಳಿಸಿದರೆ ಕಾನೂನಿನಂತೆ ಅವರ ಕೆಲಸ ಆಯಿತು. ಬೇಕಾದದ್ದು ಸರ್ಕಾರದ ಒಂದು ಸುತ್ತೋಲೆ, ಒಂದು ತೊಟ್ಟಿಲು, ಒಂದು ಗಂಟೆ, ಒಂದು ಬೋರ್ಡು. ಮಂತ್ರಿಗಳ ಸ್ವಾಗತಕ್ಕೆ ಕಟ್ಟುವ ಒಂದು ಕಮಾನಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಆಕ್ಷೇಪಣೆಗಳಿಗೆ ಉತ್ತರ

ಮೊದಲನೆಯ ಆಕ್ಷೇಪಣೆ, ಇದರಿಂದ ಅನೀತಿ ಹೆಚ್ಚುತ್ತದೆ ಎಂಬುದು. ತೊಟ್ಟಿಲಿದೆಯೆಂದು ಯಾವ ಹೆಣ್ಣೂ ಒಂಬತ್ತು ತಿಂಗಳು ಹೊಟ್ಟೆ ಮುಚ್ಚಿಕೊಂಡು ಒದ್ದಾಡುವುದಿಲ್ಲ. ಅನೀತಿಯ ಭಯವಿರುವವರು ಆ ಉಪದೇಶವನ್ನು ಗಂಡಸರಿಗೆ ಮಾಡಲಿ. ಚಪ್ಪರದಲ್ಲಿ, ತೋಟದ ಸಾಲುಮನೆಯಲ್ಲಿ, ಕಾರ್ಖಾನೆಯಲ್ಲಿ ಕೂಲಿಯ ಹೆಣ್ಣಿನ ಮೇಲೆ ಕೈಹಾಕುವ ಮೇಸ್ತ್ರಿಗೆ, ಧಣಿಗೆ ಮಾಡಲಿ. ಹೊಟ್ಟೆ ಕಾಣಿಸುವುದು ಒಬ್ಬಳಿಗೆ ಮಾತ್ರ ಎಂಬ ಕಾರಣಕ್ಕೆ ತಪ್ಪೂ ಅವಳೊಬ್ಬಳದೇ ಆಗುವುದಿಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪಣೆ. ತೊಟ್ಟಿಲು ಹೆಣ್ಣುಮಕ್ಕಳನ್ನು ಬಿಸಾಡುವ ಸುಲಭದ ದಾರಿಯಾಗುತ್ತದೆ ಎನ್ನುತ್ತಾರೆ. ತಮಿಳುನಾಡಿನ ತೊಟ್ಟಿಲುಗಳಿಗೆ ಬಂದವರಲ್ಲಿ ಬಹುಪಾಲು ಹೆಣ್ಣುಕೂಸುಗಳೇ ಎಂಬುದು ನಿಜ. ನಮ್ಮ ಮನೆಯೂ ಸ್ವಚ್ಛವಾಗಿಲ್ಲ. ೨೦೨೩ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೆಸಿ ಹೆಣ್ಣುಭ್ರೂಣಗಳನ್ನು ತೆಗೆಸುತ್ತಿದ್ದ ಜಾಲ ಸಿಕ್ಕಿಬಿದ್ದದ್ದನ್ನು ಮರೆಯಲಾಗದು. ಹೆಣ್ಣು ಹೊರೆಯೆಂಬ ಬುದ್ಧಿಯನ್ನು ತೊಟ್ಟಿಲು ತೆಗೆಯಲಾರದು. ಅದಕ್ಕೆ ವರದಕ್ಷಿಣೆ ಹೋಗಬೇಕು, ಹೆಣ್ಣಿಗೆ ಆಸ್ತಿ ಮತ್ತು ಕೂಲಿ ಸಮನಾಗಬೇಕು. ಆ ದಿನ ಬರುವವರೆಗೆ ಹುಟ್ಟಿದ ಕೂಸುಗಳು ಸಾಯುತ್ತಿರಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂರನೆಯದು, ಹೆಸರು ಕೇಳದಿದ್ದರೆ ಬಲಾತ್ಕಾರ ಮಾಡಿದವನು ತಪ್ಪಿಸಿಕೊಳ್ಳುತ್ತಾನೆ ಎಂಬುದು. ತಾಯಿಯೇ ಹದಿನೆಂಟು ತುಂಬದ ಹುಡುಗಿಯಾಗಿದ್ದರೆ ಅದು ೨೦೧೨ರ ಪೋಕ್ಸೋ ಕಾಯ್ದೆಯಂತೆ ಅವಳ ಮೇಲೆ ನಡೆದ ಅಪರಾಧ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗುಟ್ಟಿನ ತೊಟ್ಟಿಲು ಕೆಲವು ಪಾಪಿಗಳನ್ನು ಬಚ್ಚಿಡಬಹುದು. ಆದರೆ ಬಾವಿ ಬಚ್ಚಿಡುವುದಿಲ್ಲವೇ? ಅದು ಪಾಪಿಯನ್ನೂ ಬಚ್ಚಿಡುತ್ತದೆ, ಕೂಸನ್ನೂ ನುಂಗುತ್ತದೆ, ಕೆಲವು ಸಲ ತಾಯಿಯನ್ನೂ. ತೊಟ್ಟಿಲಿನ ಹತ್ತಿರ ಸಹಾಯವಾಣಿಯ ನಂಬರು ಬರೆದಿದ್ದು, ಒಳ್ಳೆಯ ಮಾತಾಡುವ ಒಬ್ಬ ಹೆಣ್ಣುಮಗಳು ಆ ಕಡೆ ಫೋನು ಎತ್ತಿದರೆ, ಇವತ್ತಲ್ಲ ನಾಳೆ ಆ ಹುಡುಗಿ ಬಾಯಿ ಬಿಡಬಹುದು. ಜುಲುಮೆಯಿಂದ ಯಾರೂ ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ನಾಲ್ಕನೆಯದು, ಇಷ್ಟೊಂದು ಕೂಸುಗಳನ್ನು ಸಾಕುವವರು ಯಾರು ಎಂಬುದು. ಇದಕ್ಕೆ ಉತ್ತರ ಸುಲಭ. ದೇಶದಲ್ಲಿ ಕಾನೂನುಬದ್ಧವಾಗಿ ದತ್ತು ಹೋಗುವ ಮಕ್ಕಳು ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ದತ್ತಿಗಾಗಿ ಹೆಸರು ಬರೆಸಿ ಕಾದಿರುವ ದಂಪತಿಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಒಂದು ಕಡೆ ಕೂಸಿಲ್ಲದೆ ವರ್ಷಗಟ್ಟಲೆ ಕಾಯುವವರು, ಇನ್ನೊಂದು ಕಡೆ ಕೂಸನ್ನು ಎಲ್ಲಿಡಬೇಕೆಂದು ತಿಳಿಯದವರು. ಇವರಿಬ್ಬರ ನಡುವೆ ಸೇತುವೆ ಕಟ್ಟದಿದ್ದರೆ ದಲ್ಲಾಳಿ ಬಂದು ಕೂರುತ್ತಾನೆ. ವ್ಯಾಪಾರ ಬಲ್ಲ ನಮ್ಮ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲ ಹಸುಗೂಸುಗಳನ್ನು ಲಕ್ಷಗಟ್ಟಲೆ ರೂಪಾಯಿಗೆ ಮಾರುತ್ತಿತ್ತು. ಬಡವಳ ಹೊಟ್ಟೆಯೂ ಮಾರುಕಟ್ಟೆಯ ಸರಕಾಗುವುದು ಹೀಗೆ.

ನಮ್ಮ ಬೇಡಿಕೆ

ಇದಿಷ್ಟನ್ನು ಕೂಡಿಸಿ ಕೆಲವು ಬೇಡಿಕೆಗಳನ್ನು ಓದುಗರ ಮುಂದಿಡುತ್ತೇನೆ.

ಒಂದು, ತೀರ್ಥಹಳ್ಳಿ, ಸಾಗರ, ಹೊಸನಗರ ಈ ಮೂರೂ ತಾಲ್ಲೂಕು ಕೇಂದ್ರಗಳ ಅಗ್ನಿಶಾಮಕ ಠಾಣೆ ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ, ರಸ್ತೆಯಿಂದ ಸ್ವಲ್ಪ ಮರೆಯಾದ ಕಡೆ, ಗಂಟೆ ಇರುವ ತೊಟ್ಟಿಲು ಇಡಬೇಕು. ಅದರ ಎದುರು ಕ್ಯಾಮರಾ ಇರಕೂಡದು.

ಎರಡು, ತೊಟ್ಟಿಲಿನಲ್ಲಿ ಜೋಡಿ ಗುರುತಿನ ಪಟ್ಟಿಗಳಿರಬೇಕು. ಒಂದು ಕೂಸಿಗೆ, ಒಂದು ತಾಯಿಗೆ. ಮನಸ್ಸು ತಿರುಗಿ ಬಂದವಳನ್ನು ಗದರಿಸದೆ ಸಮಿತಿಯ ಮುಂದೆ ಕರೆದೊಯ್ಯಬೇಕು.

ಮೂರು, ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆಯಾದರೂ ತಾಲ್ಲೂಕಿಗೆ ಬಂದು ಕೂರಬೇಕು. ಜನ ಕಚೇರಿಗೆ ಹೋಗಲಾರದಿದ್ದರೆ ಕಚೇರಿ ಜನರಿದ್ದಲ್ಲಿಗೆ ಬರತಕ್ಕದ್ದು.

ನಾಲ್ಕು, ಎಫ್‌ಐಆರ್ ಕೂಡದೆಂಬ ೩೮ನೆಯ ಕಲಮಿನ ಮಾತನ್ನು ಪ್ರತಿ ಪೊಲೀಸ್ ಠಾಣೆಯಲ್ಲಿ, ಪ್ರತಿ ಅಂಗನವಾಡಿಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಆಶಾ ಕಾರ್ಯಕರ್ತೆಯರಿಗೆ ಇದನ್ನು ತಿಳಿಸಿ, ಅವರ ಬಾಯಿಂದ ಮನೆಮನೆಗೆ ಮುಟ್ಟಿಸಬೇಕು. ಹಾಗೆಂದು ಈ ಹೊರೆಯನ್ನೂ ಅವರ ತಲೆಗೆ ಪುಕ್ಕಟೆಯಾಗಿ ಹೊರಿಸಕೂಡದು.

ಐದು, ಕೂಸನ್ನು ಒಪ್ಪಿಸುವವರೆಗೆ ವಿಷಯ ಬರದಂತೆಯೂ ನೋಡಬೇಕು. ೨೪ ವಾರದವರೆಗೆ ಬಸುರು ತೆಗೆಸಿಕೊಳ್ಳುವ ಅವಕಾಶ ಮದುವೆಯಾಗದವಳಿಗೂ ಇದೆಯೆಂದು ಸುಪ್ರೀಂ ಕೋರ್ಟು ೨೦೨೨ರ ಸೆಪ್ಟೆಂಬರಿನಲ್ಲೇ ತೀರ್ಪು ಕೊಟ್ಟಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದಕ್ಕೆ ಡಾಕ್ಟರು, ಔಷಧ, ಗುಟ್ಟು ಮೂರೂ ಇರಬೇಕು. ಸಾಕಬೇಕೆಂಬ ಮನಸ್ಸಿದ್ದು ಕೈಯಲ್ಲಿ ಕಾಸಿಲ್ಲದ ತಾಯಿಗೆ ಅಕ್ಕಿ, ಕೆಲಸ, ತಂಗಲು ಜಾಗ ಕೊಡಬೇಕು. ಬಡತನವೊಂದೇ ಕಾರಣಕ್ಕೆ ಯಾವ ತೊಟ್ಟಿಲೂ ತುಂಬಕೂಡದು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಗಿರಣಿಯ ಗೆಳೆಯರೇ, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಬಗ್ಗೆ ಒಂದು ಗೊತ್ತುವಳಿ ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸಿ. ಅಂಗಡಿಯ ಬಾಂಧವರೇ, ನಿಮ್ಮ ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟದ ಪಕ್ಕ ೧೦೯೮ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಸಂತೆಗೆ ಬಂದ ಯಾವ ಹೆಣ್ಣುಮಗಳ ಕಣ್ಣು ಯಾವಾಗ ಅದರ ಮೇಲೆ ಬೀಳುವುದೋ ಬಲ್ಲವರಾರು?

ಕಟ್ಟೆಯ ಮೇಲೆ ಕೂರುವ ಅಣ್ಣಂದಿರಿಗೂ ಒಂದು ಮಾತು. ಮುಂದಿನ ಸಲ ಯಾವಳ ನಡತೆ ಹೇಗೆಂದು ಯಾರಾದರೂ ಕೇಳಿದರೆ, 'ಅವನ ನಡತೆ ಹೇಗೆ?' ಎಂದು ತಿರುಗಿ ಕೇಳಿ. ನಾನು ಅವತ್ತು ಕೇಳಲಿಲ್ಲ. ಲೆಕ್ಕದಲ್ಲಿ ಮೊದಲನೆಯವಳಾಗಿದ್ದ ಆ ಹುಡುಗಿ ಈಗ ಯಾವ ಊರಿನಲ್ಲಿದ್ದಾಳೋ ನಾನರಿಯೆ. ಈ ಪತ್ರಿಕೆ ಅವಳ ಕೈಗೆ ಸಿಕ್ಕಿದರೆ, ಅವಳ ಮೇಷ್ಟರಿಗೆ ಎಲ್ಲವೂ ನೆನಪಿತ್ತು ಎಂದು ಅವಳಿಗೆ ತಿಳಿಯಲಿ.